ಕಾಡಿಗೊಂದು ಜಗಲಿ

(ಬೆಂಗಳೂರಿನ ತುರಹಳ್ಳಿ ಕಾಡಿನ ಸುತ್ತಲಿನ ಬಡಾವಣೆಗಳ ನಿವಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂಜೆಯನ್ನು ಬಿಟ್ಟುಕೊಟ್ಟು ಇಷ್ಟು ಮಂದಿ ಬಂದು ಕುಳಿತಿದ್ದೀರಿ. ಅದರಲ್ಲೂ ಮಕ್ಕಳನ್ನು ಜೊತೆಗೆ ಕರೆತಂದವರಿಗೆ ನಾನು ಹೆಚ್ಚು ಋಣಿ, ಏಕೆಂದರೆ ಇವತ್ತು ನಾನು ಆಡಬೇಕೆಂದಿರುವ ಮಾತಿನ ಫಲ ಕಾಣುವುದಕ್ಕೆ ಹತ್ತು ಹದಿನೈದು ವರ್ಷವಾದರೂ ಬೇಕು.

ಮೇ ತಿಂಗಳ ಒಂದು ಸಂಜೆಯಿಂದ ಆರಂಭಿಸುತ್ತೇನೆ. ವರ್ಷದ ಮೊದಲ ಜೋರು ಮಳೆ ಸುರಿದು ನಿಂತು ಅರ್ಧ ಗಂಟೆಯಾಗಿತ್ತು. ಕಾಲುದಾರಿಯ ಪಕ್ಕದಲ್ಲಿ ನನ್ನ ಸೊಂಟದೆತ್ತರದ ಒಂದು ಹುತ್ತವಿದೆ. ಅದರ ಬುಡದ ಸೀಳುಗಳಿಂದ ರೆಕ್ಕೆ ಬಂದ ಗೆದ್ದಲುಗಳು, ಹಳ್ಳಿಯವರು ಈಸಲು ಎಂದು ಕರೆಯುವ ಹುಳುಗಳು, ಹೊಗೆಯ ಹಾಗೆ ಮೇಲೇಳತೊಡಗಿದವು. ಮೊದಲು ಒಂದು ಕಾಜಾಣ ಬಂದಿತು, ಹಿಂದೆಯೇ ನಾಲ್ಕೈದು ಕಳ್ಳಿಪೀರಗಳು ಬಂದವು. ರೆಕ್ಕೆ ಕಳಚಿ ನೆಲಕ್ಕೆ ಬಿದ್ದವನ್ನು ಹೆಕ್ಕಲು ಮೈನಾಗಳು ಇಳಿದವು. ಹುತ್ತದ ಹಿಂದಿನ ಲಂಟಾನದ ಮರೆಯಿಂದ ಒಂದು ಮುಂಗುಸಿ ಇಣುಕಿ, ನಾವು ಅಲುಗದೆ ನಿಂತಿರುವುದನ್ನು ನೋಡಿ ಧೈರ್ಯ ತಂದುಕೊಂಡು ಊಟಕ್ಕೆ ಬಂದಿತು. ಕತ್ತಲಾಗುವ ಹೊತ್ತಿಗೆ ಹಾಲಕ್ಕಿಯೊಂದು ಕೊಂಬೆಯಿಂದ ಕೊಂಬೆಗೆ ಹಾರುತ್ತ ಗಾಳಿಯಲ್ಲೇ ಹುಳು ಹಿಡಿಯುತ್ತಿತ್ತು. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಒಬ್ಬರು ನಮ್ಮ ಬಳಿ ನಿಂತು, ತುಂಬ ವಿನಯದಿಂದಲೇ ಕೇಳಿದರು: "ಸರ್, ಈ ಜಾಗವನ್ನು ಯಾವಾಗ ಅಭಿವೃದ್ಧಿ ಮಾಡುತ್ತಾರೆ?"

ಅವರ ಪ್ರಶ್ನೆಯಲ್ಲಿ ದುರುದ್ದೇಶವಿರಲಿಲ್ಲ. ಕಾಂಪೌಂಡಿನಾಚೆ ಒಣಹುಲ್ಲು, ಬಂಡೆ, ಮುಳ್ಳುಪೊದೆ, ಅಲ್ಲಲ್ಲಿ ನೀಲಗಿರಿ ಮರ ಮಾತ್ರ ಕಾಣುವಾಗ, ಇದು ಯಾರೋ ಅರ್ಧಕ್ಕೆ ಬಿಟ್ಟುಹೋದ ಕೆಲಸ ಎಂದು ಅನಿಸುವುದು ಸಹಜ. ಈ ಕಾಡು ಅರ್ಧಕ್ಕೆ ನಿಂತ ಕೆಲಸವಲ್ಲ, ಇದು ಹೀಗೆಯೇ ಇರಬೇಕಾದ ಒಂದು ಬಗೆಯ ಕಾಡು ಎಂದು ಮೊದಲು ತಿಳಿಯಬೇಕು. ಆಮೇಲಷ್ಟೇ, ಇದರ ಒಳಗೆ ನಾವು ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬ ಮಾತಿಗೆ ಅರ್ಥ ಬರುತ್ತದೆ.

ತುರಹಳ್ಳಿಯ ಕಾಡು ಸುಮಾರು 600 ಎಕರೆ. ಲಾಲ್‌ಬಾಗ್ 240 ಎಕರೆ, ಎಂದರೆ ಇದು ಎರಡು ಲಾಲ್‌ಬಾಗ್‌ಗಳಿಗಿಂತ ದೊಡ್ಡದು. ಎರಡೂ ಕಡೆ ಪುರಾತನ ಬಂಡೆಗಳಿವೆ. ಲಾಲ್‌ಬಾಗ್‌ನ ಗುಡ್ಡವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ, ಅದರ ವಯಸ್ಸನ್ನು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ನಮ್ಮ ಬಂಡೆಗಳೂ 'ನೈಸ್' ಎಂದು ಕರೆಯುವ ಅದೇ ಪುರಾತನ ಶಿಲೆಯ ಬಳಗಕ್ಕೆ ಸೇರಿದವು. ಆದರೆ ಲಾಲ್‌ಬಾಗ್ ಹೈದರಾಲಿಯ ಕಾಲದಿಂದ ಜನರು ಕೈಯಾರೆ ನೆಟ್ಟು ನೀರೆರೆದು ಬೆಳೆಸಿದ ತೋಟ, ತುರಹಳ್ಳಿ ಮಳೆಯನ್ನೊಂದೇ ನಂಬಿ ಬದುಕುವ ಕುರುಚಲು ಕಾಡು. ಇಲ್ಲಿ ಮಣ್ಣು ತೆಳು. ಬಂಡೆಯ ಮೇಲೆ ಒಂದು ಗೇಣು ಮಣ್ಣು ಇದ್ದರೆ ಹೆಚ್ಚು. ಅಂಥ ನೆಲದಲ್ಲಿ ಬೆಳೆಯುವುದಕ್ಕೆ ಬಂದರೆಗಿಡ, ಕವಳಿ, ಕಾರೆ, ಎಲಚಿ, ಜಾಲಿ, ಕಗ್ಗಲಿಯಂಥ ಗಟ್ಟಿ ಜೀವಗಳೇ ಬೇಕು. ಅವುಗಳ ನಡುವೆ ಹುಲ್ಲು, ಹುಲ್ಲಿನ ನಡುವೆ ಬಂಡೆ. ನೆರೆಯ ಕಾಡುಗಳ ಹೆಸರನ್ನು ಗಮನಿಸಿ: ಉತ್ತರಹಳ್ಳಿ ಮನವರ್ತೆ ಕಾವಲು, ಬಡಾ ಮನವರ್ತೆ ಕಾವಲು. ಕಾವಲು ಎಂದರೆ ಹಳೆಯ ಮೈಸೂರು ಸೀಮೆಯಲ್ಲಿ ದನ ಮೇಯಲು ಕಾದಿಟ್ಟ ಹುಲ್ಲುನೆಲ. ಈ ಭಾಗ ಒತ್ತೊತ್ತಾಗಿ ಮರ ತುಂಬಿದ ಮಲೆನಾಡಾಗಿ ಎಂದೂ ಇರಲಿಲ್ಲವೆಂದು ಆ ಹೆಸರುಗಳೇ ಸಾರುತ್ತಿವೆ.

2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಕನಕಪುರ ರಸ್ತೆಯಲ್ಲಿ ವಜ್ರಹಳ್ಳಿ, ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗೆ ಬಂದಿತು. ಅದೇ ಹೊತ್ತಿನಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯೂ ಸುದ್ದಿಯಾಯಿತು. ಫೆಬ್ರುವರಿಯಲ್ಲಿ ನಿಮ್ಮಲ್ಲಿ ಅನೇಕರು ಕೈಯಲ್ಲಿ ಫಲಕ ಹಿಡಿದು ಕಾಡಿನ ಅಂಚಿನಲ್ಲಿ ನಿಂತಿದ್ದು ನನಗೆ ನೆನಪಿದೆ. ಯೋಜನೆ ಕೈಬಿಟ್ಟುಹೋಯಿತು, ನಮಗೆಲ್ಲ ಸಮಾಧಾನವಾಯಿತು. ಆದರೆ ಆ ದಿನಗಳಲ್ಲಿ ನಾವು 'ಬೇಡ' ಎಂದಷ್ಟು ಸ್ಪಷ್ಟವಾಗಿ 'ಏನು ಬೇಕು' ಎಂದು ಹೇಳಲಿಲ್ಲ. ಉದ್ಯಾನವನ್ನು ತಡೆದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಸುತ್ತ ಲಕ್ಷಾಂತರ ಜನ ನೆಲೆಸಿರುವ ಜಾಗದಲ್ಲಿ ಕಾಡನ್ನು ಸುಮ್ಮನೆ ಬಿಟ್ಟರೆ ಅಲ್ಲಿಗೆ ಕಟ್ಟಡದ ಅವಶೇಷ, ಬಿಯರ್ ಬಾಟಲಿ, ಬೀದಿನಾಯಿಗಳ ಹಿಂಡು, ಲಂಟಾನ ಮತ್ತು ಬೆಂಕಿ ತಾವಾಗಿಯೇ ಬರುತ್ತವೆ.

ನನ್ನ ಸಲಹೆಯನ್ನು ನಮ್ಮ ಹಳೆಯ ಮನೆಗಳ ನಕ್ಷೆಯಿಂದ ತೆಗೆದುಕೊಂಡಿದ್ದೇನೆ. ಊರಿನ ಮನೆಗೆ ಜಗಲಿ ಇರುತ್ತಿತ್ತು. ದಾರಿಹೋಕರು ಬಂದು ಕುಳಿತುಕೊಳ್ಳಬಹುದಿತ್ತು, ನೀರು ಬೆಲ್ಲ ಸಿಗುತ್ತಿತ್ತು, ಮಾತುಕತೆ ನಡೆಯುತ್ತಿತ್ತು. ಬಂದವರು ನಡುಮನೆಯವರೆಗೆ ಕರೆದಾಗ ಮಾತ್ರ ಹೋಗುತ್ತಿದ್ದರು. ಅಡುಗೆಮನೆಗೆ, ಬಾಣಂತಿ ಕೋಣೆಗೆ ಹೋಗುವ ಮಾತೇ ಇರಲಿಲ್ಲ. ಇದರಿಂದ ಬಂದವರಿಗೆ ಅವಮಾನವೂ ಆಗುತ್ತಿರಲಿಲ್ಲ, ಮನೆಯವರ ಬದುಕಿಗೆ ತೊಂದರೆಯೂ ಆಗುತ್ತಿರಲಿಲ್ಲ. ಊರಿನ ನೆಲಕ್ಕೂ ಇಂಥದೇ ಒಂದು ಏರ್ಪಾಡು ಇತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಊರಂಚಿಗೆ ಗುಂಡುತೋಪು ಇರುತ್ತಿತ್ತು. ಮಾವು, ಹುಣಸೆ, ನೇರಳೆ, ಹಿಪ್ಪೆ ಮರಗಳ ನೆರಳಿನಲ್ಲಿ ಸಂತೆ, ಜಾತ್ರೆ, ದಾರಿಹೋಕರ ವಿಶ್ರಾಂತಿ, ಮಕ್ಕಳ ಮರಕೋತಿ ಆಟ ಎಲ್ಲವೂ ಅಲ್ಲೇ. ಇನ್ನೊಂದು ಕಡೆ, ಕೊಡಗಿನಲ್ಲಿ ಇಂದಿಗೂ ದಾಖಲೆಯಲ್ಲಿರುವ 1,214 ದೇವರಕಾಡುಗಳಂಥವು. ಅಲ್ಲಿ ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋಗುತ್ತಾರೆ, ಉಳಿದ ದಿನ ಒಂದು ಕಡ್ಡಿ ಮುರಿಯುವುದಕ್ಕೂ ಹಿಂಜರಿಯುತ್ತಾರೆ. ಗುಂಡುತೋಪು ಜನರಿಗೆ, ದೇವರಕಾಡು ಕಾಡಿಗೆ. ಬೆಂಗಳೂರಿನ ನಾವು ಗುಂಡುತೋಪುಗಳನ್ನು ಬಸ್ ನಿಲ್ದಾಣ, ಬಡಾವಣೆಗಳಾಗಿ ಮಾಡಿ ಮುಗಿಸಿದ್ದೇವೆ. ಅಲ್ಲಿ ಆಗಬೇಕಾಗಿದ್ದ ಜಾತ್ರೆಯನ್ನು ಈಗ ಕಾಡಿನೊಳಗೆ ಮಾಡಲು ಹೊರಟಿದ್ದೇವೆ. ನನ್ನ ಮಾತಿನ ತಿರುಳು ಇಷ್ಟೇ: ಕಾಡಿನ ಅಂಚಿನಲ್ಲಿ, ಈಗಾಗಲೇ ತುಳಿದು ಹಾಳಾಗಿರುವ ಒಂದು ಚಿಕ್ಕ ಭಾಗವನ್ನು ಜಗಲಿಯಾಗಿ ಚೆನ್ನಾಗಿ ಕಟ್ಟಿ, ಒಳಮನೆಯನ್ನು ಒಳಮನೆಯಾಗಿಯೇ ಬಿಡೋಣ.

ಜಗಲಿಯಲ್ಲಿ ಏನಿರಬೇಕೆಂದು ಆಮೇಲೆ ಹೇಳುತ್ತೇನೆ. ಮೊದಲು ದಾರಿಗಳ ಮಾತು, ಏಕೆಂದರೆ ಊರ ಪಕ್ಕದ ಯಾವುದೇ ಕಾಡಿನ ಹಣೆಬರಹವನ್ನು ಬರೆಯುವುದು ದಾರಿಗಳೇ. ಒಂದು ಸರಳ ಲೆಕ್ಕ ಮಾಡೋಣ. ಜನ ಓಡಾಡುವ ದಾರಿಯಿಂದ ಎಡಕ್ಕೆ 50 ಮೀಟರ್, ಬಲಕ್ಕೆ 50 ಮೀಟರ್ ದೂರದವರೆಗೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ನೆಮ್ಮದಿಯಿಲ್ಲ ಎಂದುಕೊಳ್ಳಿ. ಇದು ನನ್ನ ಅಂದಾಜು, ಕೆಲವು ಪ್ರಾಣಿಗಳಿಗೆ ಇನ್ನೂ ಹೆಚ್ಚು ದೂರ ಬೇಕು. ಹಾಗಾದರೆ ಒಂದು ಕಿಲೋಮೀಟರ್ ದಾರಿ ಸುಮಾರು 25 ಎಕರೆ ಕಾಡನ್ನು ತಿಂದಂತಾಯಿತು. ಹತ್ತು ಕಿಲೋಮೀಟರ್ ದಾರಿಗೆ 250 ಎಕರೆ. ಕಾಡಿನೊಳಗೆ ದಾರಿಗಳನ್ನು ಹರಡಿಕೊಳ್ಳುವಂತೆ ಬಿಟ್ಟರೆ, 24 ಕಿಲೋಮೀಟರ್ ಆಗುವ ಹೊತ್ತಿಗೆ 600 ಎಕರೆಯೂ ಮುಗಿಯಿತು. ಒಂದು ಮರವನ್ನೂ ಕಡಿಯದೆ, ಒಂದು ಇಟ್ಟಿಗೆಯನ್ನೂ ಇಡದೆ ಕಾಡನ್ನು ಬರಿದು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದ್ದರಿಂದ ದಾರಿಗಳು ಕಡಿಮೆಯಿರಬೇಕು, ಇರುವ ದಾರಿ ಚೆನ್ನಾಗಿರಬೇಕು. ಚೆನ್ನಾಗಿರುವುದು ಎಂದರೆ ಸಿಮೆಂಟ್ ಇಂಟರ್‌ಲಾಕ್ ಹಾಸುವುದಲ್ಲ. ನಮ್ಮ ದಾರಿಗಳು ಅಗಲವಾಗುವುದು ಹೇಗೆಂದು ಮಳೆಗಾಲದಲ್ಲಿ ನಿಂತು ನೋಡಿ. ಇಳಿಜಾರಿನ ದಾರಿಯಲ್ಲಿ ಹುಲ್ಲು ಸವೆದಿರುತ್ತದೆ. ಮಳೆನೀರು ಅದನ್ನೇ ಕಾಲುವೆ ಮಾಡಿಕೊಂಡು ಹರಿದು ಮಣ್ಣು ಕೊಚ್ಚುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಸೈಕಲ್ ಸವಾರರು ಇನ್ನೂ ಪಕ್ಕಕ್ಕೆ ಸರಿಯುತ್ತಾರೆ. ಎರಡು ಮಳೆಗಾಲದಲ್ಲಿ ಎರಡಡಿಯ ಕಾಲುದಾರಿ ಹತ್ತಡಿಯ ಗಾಯವಾಗುತ್ತದೆ. ಇದಕ್ಕೆ ಮದ್ದು ನಮ್ಮ ರೈತರಿಗೆ ಗೊತ್ತಿರುವುದೇ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಅಲ್ಲೇ ಸಿಗುವ ಕಲ್ಲುಗಳನ್ನು ಮುಕ್ಕಾಲು ಭಾಗ ಮಣ್ಣಲ್ಲಿ ಹೂತು ಒಂದು ಸಾಲು ಇಟ್ಟರೆ ನೀರು ಅಲ್ಲಿಗೆ ಬಂದು ಪಕ್ಕದ ಹುಲ್ಲಿನ ಕಡೆಗೆ ತಿರುಗುತ್ತದೆ. ಇಳಿಜಾರು ಹೆಚ್ಚಿದ್ದಷ್ಟೂ ಸಾಲುಗಳು ಹತ್ತಿರ ಹತ್ತಿರ ಇರಬೇಕು. ಇನ್ನು ಬೇಡದ ಒಳದಾರಿಗಳನ್ನು ಮುಚ್ಚಲು ಫಲಕ ಬೇಡ. ಅದು ತೆರೆದುಕೊಳ್ಳುವ ಬಾಯಲ್ಲಿ ಜಾಲಿಯ ಮುಳ್ಳುಕೊಂಬೆಗಳನ್ನು ಎಳೆದು ಹಾಕಿ, ಇಪ್ಪತ್ತು ಮಾರಿನವರೆಗೆ ಒಣಕಡ್ಡಿ ಹರಡಿದರೆ ಸಾಕು. ದಾರಿಯೇ ಕಾಣದಿದ್ದರೆ ಯಾರೂ ಹೋಗುವುದಿಲ್ಲ, ಎರಡು ಮಳೆಗೆ ಹುಲ್ಲು ವಾಪಸು ಬರುತ್ತದೆ. ಇದೆಲ್ಲ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಅವರ ವಾಚರ್‌ಗಳ ಜೊತೆಯಲ್ಲಿ ಮಾಡಬೇಕಾದ ಕೆಲಸ ಎಂಬುದನ್ನು ಮರೆಯಬಾರದು.

ಎರಡನೆಯದು ಗಿಡಗಳ ಮಾತು. ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾವೊಂದಿಷ್ಟು ಗೆಳೆಯರು, ನಗರದ ಇನ್ನೊಂದು ಅಂಚಿನ ಇಂಥದೇ ಬಯಲಿನಲ್ಲಿ, ವನಮಹೋತ್ಸವದ ಉತ್ಸಾಹದಲ್ಲಿ ಹೊಂಗೆ, ಬೇವಿನ ಸಸಿಗಳನ್ನು ಸಾಲಾಗಿ ನೆಟ್ಟೆವು. 'ಖಾಲಿ' ಇದೆಯೆಂದು ನಾವು ಆರಿಸಿದ ಜಾಗ ಹುಲ್ಲುಗಾವಲಾಗಿತ್ತು. ಬೆಳಿಗ್ಗೆ ಹೋದಾಗಲೆಲ್ಲ ಅಲ್ಲಿ ಗೌಜಲಹಕ್ಕಿಗಳ ಕೂಗು ಕೇಳುತ್ತಿತ್ತು, ನಡೆಯುವಾಗ ಕಾಲಬುಡದಿಂದಲೇ ಪುರ್ರೆಂದು ಹಾರುತ್ತಿದ್ದವು. ನಾವು ತೋಡಿದ ಗುಂಡಿಗಳ ಅಗೆದ ಮಣ್ಣಿನಲ್ಲಿ ಮೊದಲು ಬಂದದ್ದು ಕಾಂಗ್ರೆಸ್ ಗಿಡ. ಸಸಿಗಳು ಬಹಳಷ್ಟು ಬೇಸಿಗೆಗೆ ಒಣಗಿದವು, ಬದುಕಿದವುಗಳ ನೆರಳಿನಲ್ಲಿ ಹುಲ್ಲು ಹೋಯಿತು, ಹಕ್ಕಿಗಳ ಕೂಗೂ ನಿಂತಿತು. 1950ರಲ್ಲಿ ವನಮಹೋತ್ಸವ ಆರಂಭವಾದಾಗಿನಿಂದ ಮರ ನೆಡುವುದೇ ಪರಿಸರಸೇವೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ರಸ್ತೆಬದಿಗೆ, ಶಾಲೆಯ ಆವರಣಕ್ಕೆ ಅದು ನಿಜ. ಹುಲ್ಲುನೆಲಕ್ಕೆ ಅದೇ ಸೇವೆ ಪೆಟ್ಟಾಗುತ್ತದೆ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ನನಗೆ ತುಂಬ ಸಂತೋಷ ಕೊಟ್ಟ ಸುದ್ದಿ, ಏಕೆಂದರೆ ಹುಲ್ಲನ್ನು ಹುಲ್ಲಾಗಿಯೇ ಕಾಪಾಡಬೇಕೆಂಬ ಮಾತು ಆ ತೀರ್ಮಾನದಿಂದ ಸರ್ಕಾರದ ಕಡತಕ್ಕೂ ಸೇರಿತು.

ತುರಹಳ್ಳಿಯಲ್ಲಿ ನೆಡುವುದಕ್ಕಿಂತ ಕೀಳುವ ಕೆಲಸ ಹೆಚ್ಚಿದೆ. ಲಂಟಾನ 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು, ಇವತ್ತು ಬೇಲಿಯಿಂದ ಬೆಟ್ಟದವರೆಗೆ ಹರಡಿದೆ. ಅದನ್ನು ಮಚ್ಚಿನಿಂದ ಸವರಿದರೆ ಪ್ರಯೋಜನವಿಲ್ಲ, ಒಂದು ಕಾಂಡದ ಜಾಗದಲ್ಲಿ ನಾಲ್ಕು ಚಿಗುರುತ್ತವೆ. ಬುಡದ ಮಣ್ಣು ಬಿಡಿಸಿ, ನೆಲದಿಂದ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರನ್ನು ಪಿಕಾಸಿಯಿಂದ ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಮಣ್ಣನ್ನು ಹೆಚ್ಚು ಕೆದಕಬಾರದು, ಕಾಯಿ ಹಣ್ಣಾಗುವ ಮೊದಲೇ ಕೀಳಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಪಿಕಳಾರಗಳು ಹಣ್ಣು ತಿಂದು ಬಂದು ಕುಳಿತ ಮರಗಳ ಕೆಳಗೆ ಮರುವರ್ಷ ಸಾವಿರಾರು ಮೊಳಕೆ ಏಳುತ್ತವೆ. ಮೂರು ವರ್ಷ ಬಿಡದೆ ಬಂದು ಆ ಮೊಳಕೆಗಳನ್ನು ಕೈಯಿಂದ ಕಿತ್ತರೆ ಮಾತ್ರ ಆ ಜಾಗ ಗೆದ್ದಂತೆ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಾನು ಮೊದಲು ಹೇಳಿದ ಮುಂಗುಸಿ ಅಡಗಿದ್ದು ಲಂಟಾನದ ಮರೆಯಲ್ಲೇ. ಬೇರೆ ಪೊದೆಗಳೇ ಇಲ್ಲದ ಕಡೆ ಮೊಲಕ್ಕೂ ನವಿಲಿಗೂ ಅದೇ ಆಸರೆ. ಆದ್ದರಿಂದ ಒಂದೇ ಬೇಸಿಗೆಯಲ್ಲಿ ಎಲ್ಲವನ್ನೂ ಬೋಳು ಮಾಡದೆ, ತುಂಡು ತುಂಡಾಗಿ ತೆಗೆಯುತ್ತ, ತೆಗೆದ ತುಂಡಿನಲ್ಲಿ ಕವಳಿ, ಕಾರೆ, ಬಂದರೆಗಿಡ ಮೇಲೆದ್ದ ಮೇಲೆ ಮುಂದಿನ ತುಂಡಿಗೆ ಹೋಗಬೇಕು.

ಲಂಟಾನದ ಮಾತು ಬಂದಾಗ ಸೋಲಿಗರನ್ನು ನೆನೆಯದೆ ಮುಂದೆ ಹೋಗಲಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಹಿಂದೆ ಬೇಸಿಗೆಯ ಮೊದಲಲ್ಲೇ ತರಗುಬೆಂಕಿ ಹಾಕುತ್ತಿದ್ದರು. ನೆಲದ ತರಗೆಲೆ ಮಾತ್ರ ಉರಿಯುವಷ್ಟು ತಣ್ಣನೆಯ ಬೆಂಕಿ ಅದು. ಅದನ್ನು ನಿಷೇಧಿಸಿದ ಮೇಲೆಯೇ ಲಂಟಾನ ಹೆಚ್ಚಿತೆಂದು ಅವರು ಹೇಳುತ್ತ ಬಂದಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಕುಶಲಿಗಳು ಅದೇ ಲಂಟಾನದ ಕಡ್ಡಿಗಳನ್ನು ಬೇಯಿಸಿ ಸಿಪ್ಪೆ ಸುಲಿದು ಕುರ್ಚಿ, ಮೇಜುಗಳನ್ನು ಮಾಡುತ್ತಾರೆ. ಮನೆಗಳು ಒತ್ತಿಕೊಂಡಿರುವ ತುರಹಳ್ಳಿಯಲ್ಲಿ ತರಗುಬೆಂಕಿ ಹಾಕುವಂತಿಲ್ಲ. ಆದರೆ ನೆಲದ ಜೊತೆ ಬದುಕಿದವರ ತಿಳಿವಳಿಕೆ ಪುಸ್ತಕದ ತಿಳಿವಳಿಕೆಗಿಂತ ಮೊದಲು ಹುಟ್ಟಿದ್ದು ಎಂಬುದು ನಮಗೆ ನೆನಪಿರಬೇಕು. ಇಲ್ಲಿಯೂ ಸುತ್ತಲಿನ ಹಳೆಯ ಹಳ್ಳಿಗಳಲ್ಲಿ ಕುರಿ ಕಾಯ್ದವರು, ಸೌದೆ ಹೊತ್ತವರು ಇನ್ನೂ ಇದ್ದಾರೆ. ಯಾವ ದೊಣೆಯಲ್ಲಿ, ಎಂದರೆ ಬಂಡೆಯ ಮೇಲಿನ ನೀರುಗುಳಿಯಲ್ಲಿ, ಶಿವರಾತ್ರಿಯವರೆಗೆ ನೀರು ನಿಲ್ಲುತ್ತದೆ, ಯಾವ ಬಂಡೆಸಂದಿಯಲ್ಲಿ ಜೇನು ಕಟ್ಟುತ್ತದೆ ಎಂದು ನನಗೆ ತೋರಿಸಿದ್ದು ಅಂಥ ಒಬ್ಬ ಅಜ್ಜ. ಇಂಥ ಸಭೆಗಳಿಗೆ ಅವರನ್ನು ಕರೆಯದೆ, ಅಪಾರ್ಟ್‌ಮೆಂಟಿನ ನಾವೇ ಕಾಡಿನ ಬಗ್ಗೆ ತೀರ್ಮಾನ ಮಾಡುವುದು ನ್ಯಾಯವಲ್ಲ.

ನೀಲಗಿರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಇರುವ ಮರಗಳನ್ನು ಒಮ್ಮೆಲೇ ಕಡಿದರೆ ಎರಡು ಅನಾಹುತ: ಬುಡ ಮತ್ತೆ ಚಿಗುರುತ್ತದೆ, ತೆರೆದ ಬಿಸಿಲಿಗೆ ಲಂಟಾನ ನುಗ್ಗುತ್ತದೆ. ಹಳೆಯ ನೆಡುತೋಪಿನ ಕೆಳಗೆ ಬಗ್ಗಿ ನೋಡಿದರೆ, ಹಕ್ಕಿಗಳು ಬಿತ್ತಿದ ಬೇವು, ಶ್ರೀಗಂಧ, ನೇರಳೆಯ ಎಳೆಯ ಸಸಿಗಳು ಕಾಣಸಿಗುತ್ತವೆ. ಆ ಸಸಿಗಳಿರುವ ಕಡೆಯಲ್ಲಿ ಮಾತ್ರ ಮೇಲಿನ ಒಂದೆರಡು ನೀಲಗಿರಿಯನ್ನು ತೆಗೆದು ಬೆಳಕು ಬಿಟ್ಟರೆ, ಕಾಡು ತನ್ನ ಬದಲಿಯನ್ನು ತಾನೇ ತಯಾರು ಮಾಡಿಕೊಳ್ಳುತ್ತದೆ.

ಇನ್ನು ನೀರು. ಬೇಸಿಗೆ ಬಂದೊಡನೆ ಕಾಡಿನಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಲು ದಾನಿಗಳು ಮುಂದೆ ಬರುತ್ತಾರೆ. ಅವರ ಮನಸ್ಸು ದೊಡ್ಡದು, ಆದರೆ ತುಂಬುವವರಿಲ್ಲದೆ ಪಾಚಿಗಟ್ಟಿದ ತೊಟ್ಟಿಯಿಂದ ರೋಗ ಹರಡುತ್ತದೆ, ನೇರ ಗೋಡೆಯ ತೊಟ್ಟಿಯಲ್ಲಿ ಬಿದ್ದ ಅಳಿಲು, ಓತಿಕ್ಯಾತ ಹೊರಬರಲಾರದೆ ಸಾಯುತ್ತವೆ. ನಮ್ಮಲ್ಲಿ ಬಂಡೆಗಳೇ ಕೊಟ್ಟ ದೊಣೆಗಳಿವೆ. ಜುಲೈ ತಿಂಗಳಲ್ಲಿ ಒಂದು ದೊಣೆಯ ಅಂಚಿಗೆ ಬೋರಲಾಗಿ ಮಲಗಿ ನೋಡಿ. ಮೂರಡಿ ಅಗಲದ ನೀರಿನಲ್ಲಿ ಗೊದಮೊಟ್ಟೆಗಳು ಬಂಡೆಯ ಮೈಯನ್ನು ತುಟಿಯಿಂದ ಕೆರೆಯುತ್ತಿರುತ್ತವೆ, ಮೇಲೆ ನೀರಿನ ಮೇಲೆ ನಡೆಯುವ ಹುಳುಗಳ ನೆರಳು ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಓಡುತ್ತಿರುತ್ತದೆ, ಏರೋಪ್ಲೇನ್ ಚಿಟ್ಟೆಯೊಂದು ಬಾಲದ ತುದಿಯನ್ನು ನೀರಿಗೆ ಮುಟ್ಟಿಸಿ ಮುಟ್ಟಿಸಿ ಮೊಟ್ಟೆಯಿಡುತ್ತಿರುತ್ತದೆ. ದೊಣೆ ಒಣಗುವುದರೊಳಗೆ ಗೊದಮೊಟ್ಟೆಗೆ ಕಾಲು ಮೂಡಿ ಕಪ್ಪೆಯಾಗಿ ಹೊರಟುಬಿಡಬೇಕು. ಅಷ್ಟು ಬಿಗಿಯಾದ ಲೆಕ್ಕದ ಬದುಕಿನೊಳಗೆ ಯಾರೋ ಶೂ ತೊಳೆದರೆ, ಸೋಪಿನ ನೀರು ಚೆಲ್ಲಿದರೆ ಆ ವರ್ಷದ ಸಂಸಾರ ಅಲ್ಲಿಗೇ ಮುಗಿಯುತ್ತದೆ. ದೊಣೆಗಳಿಗೆ ನಾವು ಮಾಡಬೇಕಾದ ಉಪಕಾರವೆಂದರೆ ಅವುಗಳಲ್ಲಿ ಬಿದ್ದ ಪ್ಲಾಸ್ಟಿಕ್ಕನ್ನು ಹೆಕ್ಕುವುದು, ಉಳಿದಂತೆ ದೂರ ನಿಲ್ಲುವುದು.

ಹಾಗೆಯೇ ಸತ್ತ ಮರಗಳನ್ನೂ ಬಿಟ್ಟುಬಿಡಿ ಎಂದು ಬೇಡಿಕೊಳ್ಳುತ್ತೇನೆ. ದಾರಿಯ ಮೇಲೆ ಬೀಳುವ ಅಪಾಯವಿದ್ದರೆ ಆ ಕೊಂಬೆಯನ್ನಷ್ಟೇ ತೆಗೆಯಲಿ. ಉಳಿದ ಒಣಮರದಲ್ಲಿ ಮರಕುಟಿಗವೋ ಕುಟ್ರುಹಕ್ಕಿಯೋ ಮೊದಲು ಪೊಟರೆ ಕೊರೆಯುತ್ತದೆ, ಅದು ಬಿಟ್ಟ ಮೇಲೆ ಗಿಳಿ, ಮೈನಾ, ಹಾಲಕ್ಕಿ ಬಂದು ಸೇರುತ್ತವೆ. ಒಂದು ಮರ ಸತ್ತ ಮೇಲೂ ಹತ್ತು ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುತ್ತದೆ. ತರಗೆಲೆಯನ್ನು ಗುಡಿಸಿ ಬೆಂಕಿ ಹಾಕುವುದೂ ಹೀಗೆಯೇ ತಪ್ಪು. ಬೇಸಿಗೆಯಲ್ಲಿ ನತ್ತಿಂಗ ಎಂಬ ರಾತ್ರಿಯ ಹಕ್ಕಿ ಗೂಡನ್ನೇ ಕಟ್ಟದೆ ತರಗೆಲೆಯ ಮೇಲೆಯೇ ಮೊಟ್ಟೆಯಿಡುತ್ತದೆ. ಎರಡಡಿ ದೂರದಲ್ಲಿ ನಿಂತರೂ ನಮಗೆ ಅದು ಎಲೆಯಾಗಿಯೇ ಕಾಣುತ್ತದೆ.

ಬೆಂಕಿಯ ಕಾಲ ಫೆಬ್ರುವರಿಯಿಂದ ಮೊದಲ ಮಳೆಯವರೆಗೆ. ಅದಕ್ಕೂ ಮೊದಲು, ಜನವರಿಯಲ್ಲೇ, ಕಾಡಿನ ಗಡಿಯುದ್ದಕ್ಕೂ ಬೆಂಕಿರೇಖೆ, ಎಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಸವರಿ ಮುಗಿದಿರಬೇಕು. ಕಸ ಸುಡುವ ಕಿಡಿ ಹೊರಗಿನಿಂದ ಒಳಗೆ ಹಾರುತ್ತದೆ. ಆದ್ದರಿಂದ ಈ ರೇಖೆಯ ಒಂದು ಬದಿಯ ಹೊಣೆ ನಮ್ಮ ಬಡಾವಣೆಗಳದೇ. ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಒಂದಲ್ಲ ಒಂದು ಹಕ್ಕಿ ನೆಲದಲ್ಲಿ ಮೊಟ್ಟೆಯಿಡುತ್ತಿರುತ್ತದೆ, ಬೇಸಿಗೆಯಲ್ಲಿ ನತ್ತಿಂಗ, ಟಿಟ್ಟಿಭ, ಮಳೆಗಾಲದಲ್ಲಿ ನವಿಲು. ಆ ತಿಂಗಳುಗಳಲ್ಲಿ ಒಳದಾರಿಗಳಲ್ಲಿ ಅರ್ಧವನ್ನಾದರೂ ಸರದಿಯ ಮೇಲೆ ಮುಚ್ಚಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಕಾಡಿಗೆ ಬರುವ ಮನುಷ್ಯರ ವಿಷಯ. ಇಲ್ಲಿನ ಬಂಡೆಗಳನ್ನು ಹತ್ತಲು ಬರುವವರು ಬಹಳ ಕಾಲದಿಂದ ಇದ್ದಾರೆ. ಅವರನ್ನು ಕಾಡಿನ ಶತ್ರುಗಳೆಂದು ನಾನು ಎಣಿಸುವುದಿಲ್ಲ, ಈ ಬಂಡೆಗಳನ್ನು ಅವರಷ್ಟು ಹತ್ತಿರದಿಂದ ಮುಟ್ಟಿ ಪ್ರೀತಿಸುವವರು ಕಡಿಮೆ. ಆದರೆ ಬಂಡೆಗೆ ಇನ್ನೊಬ್ಬ ಒಡೆಯನಿದ್ದಾನೆ. ಬೇಸಿಗೆಯಿಂದ ಮಳೆಗಾಲದವರೆಗೆ ಬಿಸಿಲೇರಿದ ಹೊತ್ತಿನಲ್ಲಿ ಬಂಡೆಯ ನೆತ್ತಿಯ ಮೇಲೆ ಗಂಡು ಕಲ್ಲೋತಿ ತಲೆ ಕುಣಿಸುತ್ತ ಕುಳಿತಿರುತ್ತದೆ. ಹೆಣ್ಣು ಎದುರಾದೊಡನೆ ಕೆಲವೇ ಕ್ಷಣಗಳಲ್ಲಿ ಅದರ ಬೆನ್ನು ಕೆಂಪಾಗಿ, ಪಕ್ಕೆಗಳು ಕಪ್ಪಾಗುತ್ತವೆ. ಇನ್ನೊಂದು ಗಂಡು ಬಂದರೆ ಅದೇ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆಂಗಳೂರಿನ ಕಲ್ಲೋತಿಗಳನ್ನು ಹಳ್ಳಿಗಾಡಿನವುಗಳೊಡನೆ ಹೋಲಿಸಿ ನೋಡಿದಾಗ, ನಗರದವುಗಳ ಬಣ್ಣ ಮಂಕಾಗಿರುವುದು ಕಂಡುಬಂದಿತು. ಈ ವಿಷಯ ಓದಿದ ದಿನ ನನಗೆ ನಿಜವಾಗಿ ನೋವಾಯಿತು. ಹತ್ತುವವರಿಗೆ ಕೆಲವು ಬಂಡೆ, ಓತಿಗೆ ಕೆಲವು ಬಂಡೆ ಎಂದು ಮಾತಾಡಿಕೊಂಡು ಹಂಚಿಕೊಳ್ಳುವುದು ಸಾಧ್ಯವಿದೆ.

ನಾಯಿಗಳನ್ನು ಸಾಕಿರುವವರು ಬೇಸರಿಸಬಾರದು. ನಾಯಿಯನ್ನು ಜಗಲಿಯವರೆಗೆ ಹಗ್ಗ ಹಿಡಿದು ತನ್ನಿ, ಒಳಗೆ ಬೇಡ. ಅದು ಯಾರನ್ನೂ ಕಚ್ಚದಿದ್ದರೂ ಅದರ ವಾಸನೆಯೊಂದೇ ಮೊಲವನ್ನು ಗೂಡಿನಿಂದ ಓಡಿಸಲು ಸಾಕು. ಕೋತಿಗಳಿಗೆ ಬಾಳೆಹಣ್ಣು ಕೊಡುವುದು ಪುಣ್ಯವೆಂದು ತಿಳಿದವರಿದ್ದಾರೆ. ಕೈಯಿಂದ ತಿಂದು ಕಲಿತ ಕೋತಿ ನಾಳೆ ಮಗುವಿನ ಕೈಯ ಚೀಲಕ್ಕೆ ಹಾರುತ್ತದೆ, ನಾಡಿದ್ದು ಯಾರೋ ದೂರು ಕೊಟ್ಟು ಅದನ್ನು ಬೋನಿನಲ್ಲಿ ಹಾಕಿಸುತ್ತಾರೆ. 2022ರ ಕೊನೆಯಲ್ಲಿ ಈ ಭಾಗದಲ್ಲಿ ಚಿರತೆ ಕಾಣಿಸಿಕೊಂಡಾಗ ನಾವೆಲ್ಲ ಎಷ್ಟು ಗಾಬರಿಯಾದೆವು! ಚಿರತೆ ಊರಂಚಿಗೆ ಬರುವುದಕ್ಕೆ ಮುಖ್ಯ ಕಾರಣ ಕಸದ ರಾಶಿಯ ಸುತ್ತ ಬೆಳೆಯುವ ಬೀದಿನಾಯಿಗಳು. ಬೆಳಗಾದ ಮೇಲೆ ಒಳಗೆ ಹೋಗಿ ಕತ್ತಲಿಗೆ ಮೊದಲು ಹೊರಗೆ ಬರುವುದು, ಒಬ್ಬರೇ ಕಿವಿಗೆ ಹಾಡು ಹಾಕಿಕೊಂಡು ಓಡದಿರುವುದು, ಕಸವನ್ನು ಕಾಡಿನ ಗೋಡೆಗೆ ಸುರಿಯದಿರುವುದು, ಈ ಮೂರನ್ನು ಪಾಲಿಸಿದರೆ ಭಯದ ಬಹುಪಾಲು ತಾನಾಗಿ ಹೋಗುತ್ತದೆ. ಕಾಡಿನೊಳಗೆ ದೀಪದ ಕಂಬ ಹಾಕಿಸಬೇಕೆಂಬ ಬೇಡಿಕೆಯನ್ನು ದಯವಿಟ್ಟು ಕೈಬಿಡಿ, ರಾತ್ರಿ ಕಾಡಿನ ಹೊತ್ತು.

ಜಗಲಿಯಲ್ಲಿ ಏನಿರಬೇಕು ಎಂಬ ಮಾತಿಗೆ ಈಗ ಬರುತ್ತೇನೆ. ಬಾಗಿಲ ಬಳಿಯ ನಾಲ್ಕೈದು ಎಕರೆ ಸಾಕು. ಅಲ್ಲಿ ಮಾವು, ನೇರಳೆ, ಹುಣಸೆ, ಹಿಪ್ಪೆ ನೆಟ್ಟು ನಿಜವಾದ ಗುಂಡುತೋಪು ಮಾಡೋಣ. ನೆಡುವ ಉತ್ಸಾಹವಿರುವವರಿಗೆ ಅಲ್ಲಿ ಕೈತುಂಬ ಕೆಲಸವಿದೆ. ಕುಳಿತುಕೊಳ್ಳಲು ಕಲ್ಲುಬೆಂಚು, ಕುಡಿಯುವ ನೀರು, ಶೌಚಾಲಯ, ಊಟದ ಡಬ್ಬಿ ಬಿಚ್ಚಲು ನೆರಳು, ಮಕ್ಕಳು ಕಿರುಚಿ ಆಡಲು ಜಾಗ. ಗೋಡೆಯ ಮೇಲೆ ಆ ತಿಂಗಳು ಯಾವ ಹೂವು ಅರಳಿದೆ, ಯಾವ ಹಕ್ಕಿ ಬಂದಿದೆ ಎಂದು ಮಕ್ಕಳೇ ಬರೆಯುವ ಒಂದು ಕಪ್ಪುಹಲಗೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ನೆರವಿನಿಂದ ತನ್ನ ಪ್ರದೇಶದ ಜೀವಿಗಳ ದಾಖಲೆ ಮಾಡಬೇಕು. ಆ ಹಲಗೆಯ ಮೇಲಿನ ಬರಹವನ್ನು ಪ್ರತಿ ತಿಂಗಳು ಒಂದು ನೋಟ್‌ಬುಕ್ಕಿಗೆ ಇಳಿಸಿಟ್ಟರೆ, ಐದು ವರ್ಷದಲ್ಲಿ ಆ ದಾಖಲೆಗೆ ನಮ್ಮ ಮಕ್ಕಳ ಕಾಣಿಕೆ ಸಿದ್ಧವಾಗಿರುತ್ತದೆ. ಮುಂದೆ ಯಾರಾದರೂ ಇಲ್ಲಿ ಏನೂ ಇಲ್ಲ ಎಂದರೆ ತೋರಿಸಲು ನಮ್ಮ ಕೈಯಲ್ಲಿ ಒಂದು ಪುಸ್ತಕವಿರುತ್ತದೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. "ನನಗೆ ಮಂಡಿ ನೋವು, ನಿಮ್ಮ ಕಲ್ಲುದಾರಿಯಲ್ಲಿ ನಡೆಯಲಾರೆ. ಸಿಮೆಂಟ್ ಬೇಡ ಎಂದರೆ ನಮ್ಮಂಥವರು ಕಾಡು ನೋಡುವುದೇ ಬೇಡವೆ?" ಎಂದರು ಅವರು. ನ್ಯಾಯವಾದ ಪ್ರಶ್ನೆ. ನಾನು ಮಾತಿನ ಭರದಲ್ಲಿ ಅವರನ್ನು ಮರೆತಿದ್ದೆ. ಜಗಲಿಯಿಂದ ಹೊರಟು ಮುನ್ನೂರು ಮೀಟರಿನಷ್ಟು ದೂರ, ಗಟ್ಟಿಸಿದ ಮಣ್ಣಿನ ಸಮತಟ್ಟು ದಾರಿಯೊಂದನ್ನು, ಗಾಲಿಕುರ್ಚಿಯೂ ಹೋಗುವಷ್ಟು ಅಗಲವಾಗಿ, ನೂರು ಹೆಜ್ಜೆಗೊಂದು ಕೂರುವ ಕಲ್ಲು ಇಟ್ಟು ಮಾಡಬಹುದು ಎಂದೆ. ಅದು ಎಲ್ಲಿಗೆ ಹೋಗಿ ನಿಲ್ಲಬೇಕೆಂದು ಅವರೇ ಕೇಳಿದರು. ಆ 300 ಮೀಟರಿನ ತುದಿಯಲ್ಲಿ ಸೊಂಟದೆತ್ತರದ ಒಂದು ಹುತ್ತವಿದೆ. ಮುಂದಿನ ಮೇ ತಿಂಗಳ ಮೊದಲ ಮಳೆಯ ಸಂಜೆ ಅಲ್ಲಿಗೆ ಬರುವುದಾಗಿ ಅವರು ಒಪ್ಪಿದ್ದಾರೆ.